ರೈಲಿಲ್ಲದ ಮೂರು ಸ್ಟೇಷನ್ನುಗಳು

ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿನಾಯಕನೂರು, ಜನರ ಬಾಯಲ್ಲಿ ಬೋಡಿ, ಏಲಕ್ಕಿಗೆ ಹೆಸರಾದ ಊರು. ಗಡಿಯಾಚೆಯ ಇಡುಕ್ಕಿಯ ಮಲೆಗಳಲ್ಲಿ ಬೆಳೆದ ಏಲಕ್ಕಿ ಸ್ಪೈಸಸ್ ಬೋರ್ಡಿನ ಇ-ಹರಾಜಿಗೆ ಇಲ್ಲಿಗೆ ಇಳಿದು ಬರುತ್ತದೆ. ಈ ಪೇಟೆಯ ನೆತ್ತಿಯ ಮೇಲಿರುವ ಬೆಟ್ಟದಲ್ಲಿ ಮೂರು ಪುಟ್ಟ ನೆಲೆಗಳಿಗೆ ರೈಲು ನಿಲ್ದಾಣಗಳಂಥ ಹೆಸರು ಅಂಟಿಕೊಂಡಿದೆ. ಶಿಖರದಂಚಿನಲ್ಲಿ ಟಾಪ್ ಸ್ಟೇಷನ್, ಕಾಲುದಾರಿಯ ನಡುವೆ ಸೆಂಟ್ರಲ್ ಸ್ಟೇಷನ್, ಬುಡದಲ್ಲಿ ಬಾಟಮ್ ಸ್ಟೇಷನ್ ಎನಿಸಿಕೊಂಡ ಕೊಟ್ಟಗುಡಿ. ಇಂದು ಮೂರರಲ್ಲಿ ಒಂದಕ್ಕೂ ರೈಲಿಲ್ಲ. ಮಲೆಯ ಊರಿನ ಭವಿಷ್ಯವನ್ನು ಅದರ ಎತ್ತರವಾಗಲಿ ಚೆಲುವಾಗಲಿ ನಿರ್ಧರಿಸುವುದಿಲ್ಲ, ಅಲ್ಲಿಗೆ ಹೋಗುವ ದಾರಿಯನ್ನು ಯಾರಿಗಾಗಿ ಮಾಡಿದರು ಎಂಬುದು ನಿರ್ಧರಿಸುತ್ತದೆ. ಇದಕ್ಕೆ ಈ ಮೂರು ನೆಲೆಗಳಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

1877ರಲ್ಲಿ ಬ್ರಿಟಿಷ್ ಅಧಿಕಾರಿ ಜಾನ್ ಡೇನಿಯಲ್ ಮನ್ರೋ ಪೂಂಜಾರಿನ ಅರಸರಿಂದ ಮುನ್ನಾರಿನ ಸುತ್ತಲಿನ ಕಣ್ಣನ್ ದೇವನ್ ಬೆಟ್ಟಗಳನ್ನು ಗುತ್ತಿಗೆಗೆ ಪಡೆದ. ಮುಂದೆ ಅಲ್ಲಿ ಚಹಾ ತೋಟಗಳು ಹಬ್ಬಿದವು. ಚಹಾ ಬೆಳೆದರೆ ಸಾಲದು, ಅದು ಹಡಗು ಸೇರಬೇಕಿತ್ತು. 1902ರಲ್ಲಿ ಮುನ್ನಾರಿನಿಂದ ಟಾಪ್ ಸ್ಟೇಷನ್‌ವರೆಗೆ ಹಾಕಿದ ಕುಂಡಲ ಕಣಿವೆಯ ರೈಲು ಒಂದೇ ಕಂಬಿಯದು. ಯೂಯಿಂಗ್ ಪದ್ಧತಿ ಎಂದು ಕರೆಯುವ ಈ ಏರ್ಪಾಟಿನಲ್ಲಿ ಗಾಡಿಯ ಬಹುಪಾಲು ಭಾರವನ್ನು ಕಂಬಿಯ ಮೇಲಿನ ಸಣ್ಣ ಗಾಲಿಗಳು ಹೊರುತ್ತವೆ. ಪಕ್ಕದಲ್ಲಿ ನೆಲದ ಮೇಲೆ ಉರುಳುವ ದೊಡ್ಡ ಗಾಲಿಯೊಂದು ಗಾಡಿ ಮಗುಚದಂತೆ ಕಾಯುತ್ತದೆ. ಎಳೆಯುವುದಕ್ಕೆ ಎಂಜಿನ್ ಇರಲಿಲ್ಲ, ಎತ್ತುಗಳಿದ್ದವು. ಎರಡು ಕಂಬಿಗೆ ಬೇಕಾಗುವಷ್ಟು ಅಗಲದ, ಸಮತಟ್ಟಾದ ಹಾಸು ಇದಕ್ಕೆ ಬೇಕಿರಲಿಲ್ಲ. ಬೆಟ್ಟದ ಓರೆಗೆ ಇದು ಒಪ್ಪುವ ಬುದ್ಧಿವಂತಿಕೆ. 1908ರಲ್ಲಿ ಅದು ಎರಡು ಕಂಬಿಯ ಕಿರುರೈಲಾಯಿತು. ಬೆಟ್ಟದ ಅಂಚಿನಲ್ಲಿ ಚಹಾ ಪೆಟ್ಟಿಗೆಗಳು ರೋಪ್‌ವೇ ಏರಿ ಸುಮಾರು 5 ಕಿ.ಮೀ. ಕೆಳಗಿನ ಕೊಟ್ಟಗುಡಿಗೆ ತೇಲಿ ಇಳಿಯುತ್ತಿದ್ದವು. ಅಲ್ಲಿಂದ 15 ಕಿ.ಮೀ. ಎತ್ತಿನ ಗಾಡಿಯಲ್ಲಿ ಬೋಡಿಗೆ ಬಂದು, ಮುಂದೆ ರೈಲು, ಹಡಗು, ಇಂಗ್ಲೆಂಡ್. 1924ರ ಜುಲೈನ ಮಹಾಮಳೆ, ಕೇರಳದವರು ತಮ್ಮ ಪಂಚಾಂಗದ ವರ್ಷ ಹಿಡಿದು ಇಂದಿಗೂ ‘ತೊಂಬತ್ತೊಂಬತ್ತರ ಪ್ರಳಯ’ ಎನ್ನುವ ಆ ನೆರೆ, ಕಂಬಿಗಳನ್ನು ಕಿತ್ತೊಯ್ದಿತು. ರೈಲು ಮತ್ತೆ ಏಳಲಿಲ್ಲ. ಕಾಲಾಂತರದಲ್ಲಿ ರೋಪ್‌ವೇಯೂ ನಿಂತಿತು.

ಆಗ ಪೆಟ್ಟಿಗೆಗಳಿಗೆ ಬೇರೆ ರಸ್ತೆ ಸಿಕ್ಕಿತು, ಊರಿನವರಿಗೆ ಉಳಿದದ್ದು ಕಾಲುದಾರಿ. ಬೋಡಿಯ ತಲೆಯ ಮೇಲೇ ಇರುವ ಟಾಪ್ ಸ್ಟೇಷನ್ನಿಗೆ ವಾಹನದಲ್ಲಿ ಹೋಗಬೇಕೆಂದರೆ ಬೋಡಿಮೆಟ್ಟು, ಮುನ್ನಾರು ಸುತ್ತಿ ಸುಮಾರು 100 ಕಿ.ಮೀ. ಸಾಗಬೇಕು. ಬೋಡಿಯ ಆಡಳಿತಕ್ಕೇ ಸೇರಿದ ಕೊಳುಕ್ಕುಮಲೈ ಚಹಾ ತೋಟಕ್ಕೂ ಜೀಪು ಹತ್ತುವುದು ಕೇರಳದ ಸೂರ್ಯನೆಲ್ಲಿಯಿಂದ. ಚುನಾವಣೆ ಬಂದರೆ ಮತಯಂತ್ರಗಳನ್ನು ಕುದುರೆಯ ಬೆನ್ನ ಮೇಲೆ ಹೊರಿಸಿ ಕಳಿಸಬೇಕಾದ ಮಲೆಯೂರುಗಳು ಈ ಜಿಲ್ಲೆಯಲ್ಲಿ ಇನ್ನೂ ಇವೆ. ಇಂಥ ಊರಿನಲ್ಲಿ ಬಸುರಿಗೆ ಹೆರಿಗೆ ನೋವು ಹತ್ತಿದರೆ ಡೋಲಿಯೇ ಗತಿ.

ಫ್ರಾನ್ಸಿನ ಒಂದು ಮಲೆಯೂರನ್ನು ಇದರ ಪಕ್ಕ ಇಟ್ಟು ನೋಡಬೇಕು. ಸುಮಾರು 1,000 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿರುವ ಲ ಶಾಂಬೊಂ-ಸ್ಯುರ್-ಲಿನ್ಯೊಂಗೂ 20ನೆಯ ಶತಮಾನದ ಆರಂಭದಲ್ಲೇ ಮೀಟರ್ ಗೇಜ್ ರೈಲು ಬಂತು. ಅದು ಬೇಸಿಗೆಯ ಅತಿಥಿಗಳನ್ನೂ ಗಾಳಿ ಬದಲಾವಣೆಗೆ ಬರುವ ಮಕ್ಕಳನ್ನೂ ತಂದಿತು, ಊರಿನಲ್ಲಿ ತಂಗುಮನೆಗಳು ಎದ್ದವು. ಎರಡನೆಯ ಮಹಾಯುದ್ಧದಲ್ಲಿ ಪಾದ್ರಿ ಆಂದ್ರೆ ತ್ರೋಕ್ಮೆ ಮತ್ತು ಸುತ್ತಲಿನ ರೈತರು ಯಹೂದಿಗಳಿಗೆ, ಅದರಲ್ಲೂ ಮಕ್ಕಳಿಗೆ, ಆಶ್ರಯ ಕೊಟ್ಟಾಗ ಅದೇ ರೈಲು, ಅದೇ ತಂಗುಮನೆಗಳು ನೆರವಿಗೆ ಬಂದವು. 1990ರಲ್ಲಿ ಇಸ್ರೇಲಿನ ಯಹೂದಿ ನರಮೇಧ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ ಇಡೀ ಊರನ್ನೇ ಗೌರವಿಸಿತು. ಧೈರ್ಯ ಜನರದು, ನಿಜ. ಆದರೆ ಬಂದವರನ್ನು ಬರಮಾಡಿಕೊಳ್ಳುವ ಶಕ್ತಿ ಊರಿಗೆ ಬಂದದ್ದು ಜನ ಓಡಾಡುವ ದಾರಿಯಿಂದ.

ಹಾಗಾದರೆ ಬೋಡಿಯಿಂದ ನೇರ ರಸ್ತೆ ಕಡಿದುಬಿಡೋಣ ಎನ್ನುವವರಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ಈ ಇಳಿಜಾರಿನಲ್ಲಿ ಕಡಿದ ದೊಡ್ಡ ರಸ್ತೆ ಶೋಲಾ ಕಾಡನ್ನು ಸೀಳುತ್ತದೆ, ಮಣ್ಣು ಕುಸಿಯುತ್ತದೆ. ಅದರ ಮೇಲೆ ಓಡುವುದು ಮುನ್ನಾರಿನ ಪ್ರವಾಸಿ ವಾಹನಗಳೇ ಹೊರತು ಸೆಂಟ್ರಲ್ ಸ್ಟೇಷನ್ನಿನ ಏಲಕ್ಕಿ ಮೂಟೆಯಲ್ಲ. ಇನ್ನು ಕೆಲವರು 2018ರ ಮಾರ್ಚ್ 11ರಂದು ಇದೇ ಬೆಟ್ಟಸಾಲಿನಲ್ಲಿ ಎದ್ದ ಕುರಂಗಣಿ ಕಾಳ್ಗಿಚ್ಚನ್ನು ನೆನಪಿಸಿ, ದಾರಿಗಳನ್ನೇ ಮುಚ್ಚಬೇಕೆನ್ನುತ್ತಾರೆ. 20ಕ್ಕೂ ಹೆಚ್ಚು ಚಾರಣಿಗರನ್ನು ನುಂಗಿದ ಆ ಬೆಂಕಿಯನ್ನು ಯಾರೂ ಮರೆಯಬಾರದು. ಚಾರಣಕ್ಕೆ ಕಟ್ಟುನಿಟ್ಟು ಇರಲೇಬೇಕು. ಆ ಕಟ್ಟುನಿಟ್ಟಿನ ಭಾರ ಅಲ್ಲೇ ಬಾಳುವ ಮುದುವ ಆದಿವಾಸಿಗಳ ಮೇಲೆ, ಕೂಲಿಗಳ ಮೇಲೆ ಬೀಳಬಾರದು. ಅವರನ್ನು ಕೆಳಗೆ ತಂದು ನೆಲೆಗೊಳಿಸಿದರಾಯಿತು ಎಂಬ ವಾದ, ಕಾಡನ್ನು ಹೆಜ್ಜೆ ಹೆಜ್ಜೆಗೂ ಬಲ್ಲವರನ್ನು ಕಾಡಿನಿಂದ ದೂರ ಮಾಡುತ್ತದೆ.

ದಾರಿ ಹಳೆಯ ಕಥೆಯೊಳಗೇ ಇದೆ. ಕಂಬಗಳನ್ನು ನೆಡುವಷ್ಟು ನೆಲ ಮಾತ್ರ ಬೇಡುವ ಚಿಕ್ಕ ರೋಪ್‌ವೇ, ಸುಸ್ಥಿತಿಯಲ್ಲಿಟ್ಟ ಕಾಲುದಾರಿ, ಎರಡರಲ್ಲೂ ಊರಿನವರಿಗೇ ಮೊದಲ ಹಕ್ಕು. ಇಷ್ಟು ಸಿಕ್ಕರೆ ಈ ನೆಲೆಗಳು ಉಳಿದಾವು. 2023ರ ಜೂನ್‌ನಲ್ಲಿ, ಹಳೆಯ ರೈಲು ನಿಂತು ಹನ್ನೆರಡು ವರ್ಷ ದಾಟಿದ ಮೇಲೆ, ರೈಲು ಬ್ರಾಡ್‌ಗೇಜ್ ಆಗಿ ಬೋಡಿಗೆ ಮರಳಿ ಬಂತು. ಅದರ ಪ್ರಯೋಜನ ಬೆಟ್ಟದ ಬುಡದಲ್ಲೇ ನಿಲ್ಲುತ್ತದೆ. ಶತಮಾನದ ಹಿಂದೆ ಇಂಗ್ಲೆಂಡಿನ ಚಹಾಕ್ಕಾಗಿ ಆದದ್ದು ಇಲ್ಲಿನ ಮಕ್ಕಳ ಶಾಲೆಗಾಗಿ, ರೋಗಿಗಳ ಆಸ್ಪತ್ರೆಗಾಗಿ ಇನ್ನೂ ಆಗಿಲ್ಲ ಎಂಬುದು ನೋವಿನ ಮಾತು. ಊರು ಬರಿದಾಗುವ ಮುನ್ನ ಆದರೆ ಒಳ್ಳೆಯದು.