ಗಣಕಯಂತ್ರದ ನಾಡಿ ಹಿಡಿಯುವ ಪುಟ್ಟ ಸೂಚಕ

ವರ್ತಕ ಬಾಂಧವರ ಲೆಕ್ಕಪತ್ರಗಳು ಖಾತೆ ಪುಸ್ತಕದಿಂದ ಗಣಕಯಂತ್ರಕ್ಕೆ ವರ್ಗಾವಣೆಗೊಂಡು ವರ್ಷಗಳೇ ಸಂದಿವೆ. ಕಾರ್ಖಾನೆಯ ಮೋಟಾರನ್ನು ಆಗಾಗ ಮುಟ್ಟಿ ಬಿಸಿ ನೋಡುವ ನಾವು, ಸರಕುಪಟ್ಟಿ, ದಾಸ್ತಾನು, ತೆರಿಗೆಯ ಲೆಕ್ಕವನ್ನೆಲ್ಲ ಹೊತ್ತಿರುವ ಈ ಯಂತ್ರದ ಬಿಸಿಯನ್ನು ಮಾತ್ರ ಗಮನಿಸುವುದಿಲ್ಲ. ಗಿರಣಿಯ ಹಿಟ್ಟು, ಲೇತಿನ ಎಣ್ಣೆಯ ಆವಿ, ನೂಲಿನ ಎಳೆ ಇವೆಲ್ಲ ಫ್ಯಾನಿನ ರೆಕ್ಕೆಗಳಿಗೆ ಅಂಟಿಕೊಂಡು ಗಾಳಿಯ ದಾರಿಯನ್ನು ಮುಚ್ಚುತ್ತವೆ. ಪ್ರತಿ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ 20ನೆಯ ತಾರೀಖಿನ ಸಂಜೆಯೇ ಯಂತ್ರ ಕೈಕೊಟ್ಟರೆ ಆಗುವ ತೊಂದರೆ, ಒಂದು ಫ್ಯಾನಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು.

ಬಿಸಿಯೇರುವ ಯಂತ್ರವು ಸಾಮಾನ್ಯವಾಗಿ ಮುನ್ಸೂಚನೆ ನೀಡುತ್ತದೆ. ಪ್ರೊಸೆಸರಿನ ಒಳಗೇ ಉಷ್ಣತೆಯನ್ನು ಅಳೆಯುವ ಸಂವೇದಕವಿರುತ್ತದೆ. ಹಲವು ಪ್ರೊಸೆಸರುಗಳಲ್ಲಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವ ಮಿತಿಯನ್ನು ತಲುಪಿದಾಗ, ಅದು ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಬಿಸಿ ಇನ್ನೂ ಏರಿದರೆ ಯಂತ್ರ ನಿಂತುಬಿಡುತ್ತದೆ. ಈ ಅಳತೆಯನ್ನು ಸದಾ ಕಣ್ಣೆದುರಿಗೆ ಇಡುವುದೇ ಸೂಚಕದ ಕೆಲಸ.

ರಚನೆ ಹೇಗೆ?

ಲಿನಕ್ಸ್ ಕಾರ್ಯವ್ಯವಸ್ಥೆಯು ಇಂತಹ ಅಳತೆಗಳನ್ನು ಪುಟ್ಟ ಕಡತಗಳ ರೂಪದಲ್ಲಿ ಒದಗಿಸುತ್ತದೆ. ಕಡತದಲ್ಲಿ 45000 ಎಂದಿದ್ದರೆ ಅದು ಡಿಗ್ರಿಯ ಸಾವಿರದಲ್ಲೊಂದು ಅಂಶದ ಲೆಕ್ಕ. 1000ದಿಂದ ಭಾಗಿಸಿದರೆ 45 ಡಿಗ್ರಿ. ಪೈಥಾನ್ ಭಾಷೆಯಲ್ಲಿ ಬರೆದ ಕೆಲವೇ ಹತ್ತು ಸಾಲುಗಳ ಕ್ರಮವಿಧಿಯು ಕಡತವನ್ನು ಓದಿ, ಭಾಗಿಸಿ, ಪರದೆಯ ಮೇಲ್ಪಟ್ಟಿಯಲ್ಲಿ ಅಂಕಿಯನ್ನು ತೋರಿಸಬಲ್ಲದು. 2010ರ ಉಬುಂಟು 10.04ರಲ್ಲಿ ಬಂದ ಆ್ಯಪ್‌ಇಂಡಿಕೇಟರ್ ಸೌಲಭ್ಯ ಇದಕ್ಕೆ ನೆರವಾಗುತ್ತದೆ. ವಿಂಡೋಸ್ ಬಳಸುವವರಿಗೂ ತತ್ತ್ವ ಒಂದೇ. ಅಳತೆ ಪಡೆಯುವ ಮಾರ್ಗ ಮಾತ್ರ ಬೇರೆ.

ಬರೆಯುವವರು ಮೂರು ಸಂಗತಿಗಳನ್ನು ಮರೆಯಬಾರದು. ಮೊದಲನೆಯದಾಗಿ, ಸಂವೇದಕದ ಕ್ರಮಸಂಖ್ಯೆಯನ್ನು ನಂಬಬಾರದು. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅದು ಬದಲಾಗಬಹುದು. ಇಂಟೆಲ್‌ಗೆ ಕೋರ್‌ಟೆಂಪ್, ಎಎಂಡಿಗೆ ಕೆ10ಟೆಂಪ್ ಎಂಬ ಹೆಸರಿನಿಂದಲೇ ಗುರುತಿಸಬೇಕು. ಎರಡನೆಯದಾಗಿ, ಅಪಾಯದ ಮಿತಿಯನ್ನು ಊಹಿಸದೆ, ಯಂತ್ರವೇ ಅದನ್ನು ತಿಳಿಸುವಲ್ಲಿ ಅಲ್ಲಿಂದಲೇ ಓದಿಕೊಳ್ಳಬೇಕು. ಮೂರನೆಯದಾಗಿ, ಐದು ಸೆಕೆಂಡಿಗೊಮ್ಮೆ ಓದಿದರೆ ಸಾಕು. ಕ್ಷಣಕ್ಷಣಕ್ಕೂ ಓದುವ ಕಾವಲುಗಾರ ತಾನೇ ಯಂತ್ರಕ್ಕೆ ಹೊರೆಯಾಗುತ್ತಾನೆ.

ಹಾರ್ಡ್ ಡಿಸ್ಕಿನ ಎಚ್ಚರಿಕೆ

ಪ್ರೊಸೆಸರ್ ಕೆಟ್ಟರೆ ಹೊಸದನ್ನು ಕೊಳ್ಳಬಹುದು. ಹಾರ್ಡ್ ಡಿಸ್ಕಿನೊಂದಿಗೆ ಹೋದ ಲೆಕ್ಕವನ್ನು ಕೊಳ್ಳಲಾಗದು. ಡಿಸ್ಕುಗಳು ಸ್ಮಾರ್ಟ್ ಎಂಬ ವ್ಯವಸ್ಥೆಯ ಮೂಲಕ ತಮ್ಮ ಆರೋಗ್ಯವನ್ನು ತಾವೇ ದಾಖಲಿಸುತ್ತವೆ. ಕೆಟ್ಟ ಭಾಗಗಳಿಗೆ ಬದಲಿ ನೀಡಿದ ಲೆಕ್ಕ ಏರತೊಡಗಿದರೆ ಸೂಚಕವು ಕೆಂಪು ಬಣ್ಣ ತೋರಬೇಕು.

ಆದಾಗ್ಯೂ ಸೂಚಕದ ಮೇಲೆ ಅತಿಯಾದ ಭರವಸೆ ಸಲ್ಲದು. ಗೂಗಲ್ ಸಂಸ್ಥೆಯ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವು ಎರಡು ಮಾತುಗಳನ್ನು ಹೇಳಿತು. ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಆದರೆ ಕೆಟ್ಟ ಡಿಸ್ಕುಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ನಾಲ್ಕು ಪ್ರಮುಖ ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲ. ಅಂದರೆ ಕೆಂಪು ದೀಪವನ್ನು ನಂಬಬಹುದು. ಹಸಿರು ದೀಪವನ್ನು ಪೂರ್ತಿ ನಂಬುವಂತಿಲ್ಲ.

ಆದುದರಿಂದ ಸದಸ್ಯರು ತಮ್ಮ ಸಂಸ್ಥೆಯ ಗಣಕ ಸಹಾಯಕರಿಂದಲೋ ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳಿಂದಲೋ ಇಂತಹದೊಂದು ಸೂಚಕವನ್ನು ಬರೆಸಿಕೊಳ್ಳಬಹುದು. ಅಂಕಿ ದಿನೇ ದಿನೇ ಏರುತ್ತಿದ್ದರೆ ಯಂತ್ರವನ್ನು ನಿಲ್ಲಿಸಿ ಪೆಟ್ಟಿಗೆಯ ಧೂಳು ತೆಗೆಸಬೇಕು. ಅಂಕಿ ಏರಲಿ ಬಿಡಲಿ, ದಿನದ ವಹಿವಾಟು ಮುಗಿದೊಡನೆ ಲೆಕ್ಕದ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದಿರಿಸುವುದನ್ನು ಮಾತ್ರ ತಪ್ಪಿಸಬಾರದು.