ಚಿಕ್ಕ ಗಡಿಯಾರದ ಸುತ್ತ ದಸರೆಯ ಉಡುಗೊರೆ ಸಂತೆ

ನವರಾತ್ರಿಯ ಸಂಜೆ ಮೈಸೂರಿನ ಹಳೇ ಬಡಾವಣೆಗಳಲ್ಲಿ ಮಕ್ಕಳ ದಂಡೊಂದು ಬೀದಿಗಿಳಿಯುತ್ತದೆ. ‘ಆಂಟಿ, ಗೊಂಬೆ ಕೂರ್ಸಿದ್ದೀರಾ?’ ಎಂದು ಗೇಟಿನಲ್ಲೇ ಕೂಗು. ಕೂರಿಸಿದ್ದರೆ ಒಳಗೆ ಬಂದು ನೋಡಿ, ಬಾಯಿಗೆ ಬಂದ ದೇವರನಾಮ ಒಪ್ಪಿಸಿ, ಗೊಂಬೆ ಬಾಗಿನ ಇಸಕೊಂಡು ಪಕ್ಕದ ಮನೆಗೆ ಓಟ. ಅಗ್ರಹಾರ, ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂ ಕಡೆ ಈ ದಂಡು ಮೊದಲಿಗಿಂತ ಸಣ್ಣದಾಗಿದೆ, ನಿಂತಿಲ್ಲ. ಮಕ್ಕಳಿಗೆ ಬಾಗಿನ, ಗೊಂಬೆ ನೋಡಲು ಬಂದ ಮುತ್ತೈದೆಯರಿಗೆ ಬಳೆ, ರವಿಕೆ ಕಣ, ತಾಂಬೂಲ, ಆಯುಧಪೂಜೆಯ ದಿನ ಕೆಲಸದವರಿಗೆ ಸಿಹಿ ಡಬ್ಬಿ, ಮೆರವಣಿಗೆ ನೋಡಲು ಬಂದ ನೆಂಟರು ಹೊರಡುವಾಗ ಕೈಗೊಂದು ನೆನಪಿನ ವಸ್ತು. ಹತ್ತು ದಿನದ ಹಬ್ಬದಲ್ಲಿ ಕೊಡುವ ಬಾಬತ್ತು ಮುಗಿಯುವುದೇ ಇಲ್ಲ.

ಇಷ್ಟನ್ನೂ ಮಾಲ್‌ಗೆ ಹೋಗಿ ಒಂದೇ ತಳ್ಳುಗಾಡಿಯಲ್ಲಿ ತುಂಬಿಕೊಳ್ಳಬಹುದು, ಮೊಬೈಲಿನಲ್ಲಿ ಬೆರಳಾಡಿಸಿ ಬಾಗಿಲಿಗೇ ತರಿಸಿಕೊಳ್ಳಬಹುದು. ಅದರಲ್ಲಿ ತಪ್ಪೇನಿಲ್ಲ. ಆದರೆ ಊರಿನ ಹೆಸರನ್ನೇ ಹೊತ್ತ ಪದಾರ್ಥ ಇಷ್ಟೊಂದಿರುವ ಪಟ್ಟಣ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಮೈಸೂರು ಅಗರಬತ್ತಿ, ಗಂಧದೆಣ್ಣೆ, ರೇಷ್ಮೆ, ಬೀಟೆ ಮರದ ಇನ್‌ಲೇ, ಸಾಂಪ್ರದಾಯಿಕ ಚಿತ್ರಕಲೆ, ಗಂಜೀಫಾ ಎಲೆಗಳು ಇವೆಲ್ಲಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಹೆಸರು ದೊಡ್ಡದಾದಷ್ಟೂ ಆ ಹೆಸರಿನಲ್ಲಿ ಎಲ್ಲೆಲ್ಲಿಂದಲೋ ಬಂದ ಮಾಲು ಮಾರಾಟವಾಗುವುದೂ ಹೆಚ್ಚು. ಹಾಗಾಗಿ ಇಲ್ಲಿ ಉಡುಗೊರೆ ಕೊಳ್ಳುವವರು ‘ಎಷ್ಟು?’ ಎನ್ನುವ ಮೊದಲು ‘ಎಲ್ಲಿ ಮಾಡಿದ್ದು?’ ಎಂದು ಕೇಳಬೇಕು. ತಂದೆಯಿಂದ ಮಗನಿಗೆ ಬಂದ ಸಣ್ಣ ಅಂಗಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಬೆಲೆಯ ಚೀಟಿ ಅಂಟಿಸಿ ಸಾಲಾಗಿ ಜೋಡಿಸಿಟ್ಟ ಕಡೆ ಕೇಳುವುದಾದರೂ ಯಾರನ್ನು?

ಪ್ರಾರಂಭಕ್ಕೆ ಚಿಕ್ಕ ಗಡಿಯಾರವೇ ಸರಿ. ವೈಸರಾಯ್ ಡಫರಿನ್ ಮೈಸೂರಿಗೆ ಬಂದ ನೆನಪಿಗೆ 1886ರಲ್ಲಿ ಕಟ್ಟಿದ ಗೋಪುರ ಇದು. ಪುರಭವನದ ಬಳಿ ಇರುವ ದೊಡ್ಡ ಗಡಿಯಾರ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಎದ್ದದ್ದು. ಚಿಕ್ಕ ಗಡಿಯಾರದ ಬೆನ್ನಿಗೇ ದೇವರಾಜ ಮಾರುಕಟ್ಟೆಯ ದಕ್ಷಿಣದ ಬಾಗಿಲು. ಉತ್ತರದ ಬಾಗಿಲು ಧನ್ವಂತರಿ ರಸ್ತೆಗೆ, ಪೂರ್ವದ ಮಗ್ಗುಲು ಸಯ್ಯಾಜಿರಾವ್ ರಸ್ತೆಗೆ. ನಡುವೆ ಸುಮಾರು 800 ಮಳಿಗೆ.

ಒಳಗೆ ಕಾಲಿಟ್ಟರೆ ಪ್ರವಾಸಿಗಳ ಕ್ಯಾಮೆರಾ ಮೊದಲು ತಿರುಗುವುದು ಬಣ್ಣಬಣ್ಣದ ಪುಡಿಯ ಗೋಪುರಗಳ ಕಡೆಗೆ. ನೀಲಿ, ನೇರಳೆ, ಗಿಣಿಹಸಿರು. ಫೋಟೊ ತೆಗೆದುಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಬಾಗಿನಕ್ಕೆ ಬೇಕಾದ್ದು ಆ ರಾಶಿಯಲ್ಲ. ‘ಅರಿಶಿನದ ಕುಂಕುಮ ಇದ್ಯಾ?’ ಎಂದು ಕೇಳಿದರೆ ಅಂಗಡಿಯಾತ ನಿಮ್ಮನ್ನು ಒಮ್ಮೆ ನೋಡಿ, ಹಿಂದಿನಿಂದ ಮುಚ್ಚಳದ ಡಬ್ಬಿ ತೆಗೆಯುತ್ತಾನೆ. ಅರಿಶಿನಕ್ಕೆ ಸುಣ್ಣ, ನಿಂಬೆರಸ ಮುಂತಾದವು ಸೇರಿ ಕೆಂಪಾಗುವ ಈ ಕುಂಕುಮ ರಾಶಿ ಹಾಕಿದ ಪುಡಿಯಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ಸ್ವಲ್ಪ ಮಂಕು, ಇಟ್ಟಿಗೆಯ ಕಡೆಗೆ ವಾಲಿದ ಕೆಂಪು. ಬೆರಳಲ್ಲಿ ತಿಕ್ಕಿದರೆ ಅರಿಶಿನದ ವಾಸನೆ ಬರುತ್ತದೆ. ಬೆಲೆ ಜಾಸ್ತಿ. ಹಣೆಗೆ ಇಟ್ಟುಕೊಂಡವರಿಗೆ ತುರಿಕೆ ಬರುವುದಿಲ್ಲ, ಅಷ್ಟು ಸಾಕು.

ಬಳೆ ಅಂಗಡಿಯ ಮುಂದೆ ಇಂದಿಗೂ ಹೆಂಗಸರು ಕೈ ಚಾಚಿ ನಿಲ್ಲುತ್ತಾರೆ. ‘ಎರಡಾರಾ, ಎರಡೆಂಟಾ ಅಮ್ಮಾ?’ ಎಂದು ಕೇಳುತ್ತಲೇ ಅವನ ಕಣ್ಣು ಕೈಯ ಗಾತ್ರ ಅಳೆದಿರುತ್ತದೆ. ಬಾಗಿನಕ್ಕೆ ಡಜನ್‌ಗಟ್ಟಲೆ ಒಯ್ಯುವವರಿಗೆ ಎಲ್ಲ ಅಳತೆಯನ್ನೂ ಬೆರೆಸಿ ಕೊಡುವುದು ವಾಡಿಕೆ, ಯಾರ ಕೈಗೆ ಯಾವುದಾಗುತ್ತದೋ ಯಾರಿಗೆ ಗೊತ್ತು. ಗಾಜಿನ ಬಳೆಯನ್ನು ಹಳೇ ಪತ್ರಿಕೆಯಲ್ಲಿ ಅವರು ಸುತ್ತುವ ವೇಗವನ್ನು ನಿಂತು ನೋಡಬೇಕು.

ತಾಂಬೂಲದ ಎಲೆಗೂ ಒಂದು ಜಾತಕವಿದೆ. ಮೈಸೂರು ಚಿಗುರೆಲೆ ತೆಳು, ಖಾರ ಕಡಿಮೆ, ಬಾಯಲ್ಲಿ ಬೇಗ ಕರಗುತ್ತದೆ. ನಂಜನಗೂಡು ರಸ್ತೆಯ ಆಸುಪಾಸಿನ ತೋಟಗಳಲ್ಲಿ ಬೆಳೆದದ್ದೇ ಅಸಲಿ ಎಂದು ಹಳಬರ ಹಟ. ಆ ತೋಟಗಳ ಜಾಗ ನಿವೇಶನಗಳಾಗಿ ಕರಗುತ್ತಿದೆ. ನಂಜನಗೂಡು ರಸಬಾಳೆಯ ಕಥೆ ಇನ್ನೂ ಕಷ್ಟ. ಪನಾಮ ಸೊರಗು ರೋಗ ತೋಟಗಳನ್ನೇ ನುಂಗಿಹಾಕಿದ ಮೇಲೆ ಅದು ಮಾರುಕಟ್ಟೆಗೆ ಬರುವುದು ಅಪರೂಪ. ದಸರೆಯ ಜನಜಂಗುಳಿಯಲ್ಲಿ ‘ರಸಬಾಳೆ ರಸಬಾಳೆ’ ಎಂದು ಕೂಗುವ ಗೊನೆಗಳೆಲ್ಲ ನಂಜನಗೂಡಿನವು ಎಂದು ನಂಬಬೇಡಿ. ಪರಿಚಯದ ಬಾಳೆಹಣ್ಣಿನವರಾದರೆ ‘ಅದಲ್ಲ ಸಾರ್, ಸಿಕ್ಕಿದ್ರೆ ಎತ್ತಿಡ್ತೀನಿ’ ಎಂದು ನೇರವಾಗಿ ಹೇಳಿಬಿಡುತ್ತಾರೆ. ಆ ಪರಿಚಯ ಮಾಡಿಕೊಳ್ಳುವುದೇ ಈ ಮಾರುಕಟ್ಟೆಯ ಲಾಭ.

ಮಾರುಕಟ್ಟೆಯಲ್ಲಿ ಹುಷಾರಾಗಿರಬೇಕಾದ ಜಾಗ ಒಂದಿದೆ, ಅತ್ತರು ಮತ್ತು ಸುಗಂಧ ತೈಲದ ಮಳಿಗೆಗಳು. ಹೊರಗಿನವರು ಕಂಡರೆ ಕರೆದು ಕೂರಿಸಿ, ಊದುಬತ್ತಿ ಹೊಸೆದು ತೋರಿಸಿ, ಮುಂಗೈಗೆ ನಾಲ್ಕು ಬಗೆಯ ಎಣ್ಣೆ ಸವರಿ, ಕೊನೆಗೆ ಸಣ್ಣ ಸೀಸೆಗೆ ದೊಡ್ಡ ಬೆಲೆ ಹೇಳುವವರಿದ್ದಾರೆ. ಎಲ್ಲರೂ ಹಾಗಲ್ಲ. ಶುದ್ಧ ಗಂಧದೆಣ್ಣೆ ಅಗ್ಗಕ್ಕೆ ಸಿಗುವ ವಸ್ತುವೇ ಅಲ್ಲ ಎಂಬುದು ನೆನಪಿದ್ದರೆ ಸಾಕು, ಅರ್ಧ ಮೋಸ ತಪ್ಪುತ್ತದೆ. ಮೈಸೂರಿನಲ್ಲಿ ಸರ್ಕಾರದ ಗಂಧದೆಣ್ಣೆ ಕಾರ್ಖಾನೆಯೇ ಇದೆ, ಎಣ್ಣೆ ಬೇಕಾದವರು ಅಲ್ಲಿನದನ್ನೇ ಕೊಳ್ಳಲಿ. ಊದುಬತ್ತಿ ಮಾತ್ರ ಸಣ್ಣ ಅಂಗಡಿಯಲ್ಲಿ ಕೊಳ್ಳುವುದು ಚೆಂದ. ಇದ್ದಿಲು ಪುಡಿಯ ಕಡ್ಡಿಯನ್ನು ಸುಗಂಧದಲ್ಲಿ ಅದ್ದಿ ತೆಗೆದದ್ದು ಒಂದು ಬಗೆ. ಗಂಧದ ಪುಡಿ, ಹಾಲ್ಮಡ್ಡಿ, ಬೇರು-ನಾರುಗಳನ್ನು ಕಲಸಿದ ಹಿಟ್ಟನ್ನು ಮಣೆಯ ಮೇಲೆ ಕೈಯಲ್ಲೇ ಹೊಸೆದ ಮಸಾಲೆ ಬತ್ತಿ ಇನ್ನೊಂದು. ಮಸಾಲೆ ಬತ್ತಿ ಕೈಗೆ ಕೊಂಚ ಅಂಟಂಟು, ಮೇಲ್ಮೈ ಒರಟು, ಹಚ್ಚದೆಯೂ ಡಬ್ಬಿ ತೆರೆದೊಡನೆ ಘಮ್ಮೆನ್ನುತ್ತದೆ. ದೂರದ ಊರಿಗೆ ಒಯ್ಯಲು ಭಾರವಿಲ್ಲ, ಒಡೆಯುವ ಭಯವಿಲ್ಲ.

ಮಾರುಕಟ್ಟೆಯಿಂದ ಸಯ್ಯಾಜಿರಾವ್ ರಸ್ತೆಗೆ ಹೊರಬಿದ್ದರೆ ಗುರು ಸ್ವೀಟ್ ಮಾರ್ಟ್. ಅಂಗಡಿ ಎಂದರೆ ಒಂದು ಗೂಡು, ಮುಂದೆ ಜನ. ನಾಲ್ವಡಿಯವರ ಕಾಲದಲ್ಲಿ ಅರಮನೆಯ ಅಡುಗೆಮನೆಯಲ್ಲಿದ್ದ ಕಾಕಾಸುರ ಮಾದಪ್ಪ ಕಡಲೆಹಿಟ್ಟು, ಸಕ್ಕರೆ, ತುಪ್ಪ ಸೇರಿಸಿ ಮೈಸೂರು ಪಾಕ್ ಮಾಡಿದರೆಂಬುದು ಊರಿಗೆಲ್ಲ ಗೊತ್ತಿರುವ ಕಥೆ. ಈ ಅಂಗಡಿ ಅವರ ಮನೆತನದವರದು. ಇಲ್ಲೊಂದು ತಕರಾರು ಎತ್ತಲೇಬೇಕು. ಬಾಯಲ್ಲಿಟ್ಟರೆ ಬೆಣ್ಣೆಯಂತೆ ಜಾರುವ ಮೆದು ಬರ್ಫಿಗೇ ಈಗ ಹೊರ ಊರುಗಳಲ್ಲಿ ‘ಮೈಸೂರು ಪಾಕ್’ ಎಂಬ ಹೆಸರು ಗಟ್ಟಿಯಾಗಿದೆ. ರುಚಿಯಲ್ಲಿ ಅದಕ್ಕೇನೂ ಕೊರತೆಯಿಲ್ಲ, ಆದರೆ ಹಳೇ ಪಾಕ್‌ನ ಗತ್ತೇ ಬೇರೆ. ಕುದಿವ ಪಾಕದಲ್ಲಿ ಬೆಂದ ಹಿಟ್ಟಿನ ಮೇಲೆ ಕಾದ ತುಪ್ಪ ಸುರಿದಾಗ ಅದು ಉಕ್ಕಿ ಏಳುತ್ತದೆ. ಆ ಉಕ್ಕೇ ಒಳಗೆ ರಂಧ್ರಗಳಾಗಿ ಉಳಿಯುತ್ತದೆ. ಕತ್ತರಿಸಿದ ತುಂಡಿನ ನಡುವೆ ಕಂದುಬಣ್ಣದ ಪಟ್ಟಿ, ಅಂಚಿನಲ್ಲಿ ಹಳದಿ. ಹಲ್ಲಿಟ್ಟರೆ ಕರುಂ ಎಂದು, ಆಮೇಲೆ ಪುಡಿಯಾಗಿ, ಆಮೇಲೆ ತುಪ್ಪ. ಯಾವುದು ಬೇಕೆಂದು ಕೇಳಿ, ರುಚಿ ನೋಡಿ ಕೊಳ್ಳಿ. ದೂರ ಪ್ರಯಾಣದವರಿಗೆ ಗಟ್ಟಿಯದೇ ಕ್ಷೇಮ, ಮೆದುವಿನದು ತುಪ್ಪ ಬಿಟ್ಟು ಡಬ್ಬಿಯನ್ನೂ ಬಟ್ಟೆಯನ್ನೂ ಒದ್ದೆ ಮಾಡುತ್ತದೆ.

ರೇಷ್ಮೆ ಸೀರೆಯ ಮಾತು ಚುಟುಕಾಗಿ ಮುಗಿಸುತ್ತೇನೆ. ಮೈಸೂರು ಸಿಲ್ಕ್ ಎಂಬ ಹೆಸರಿನದು ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮದ ನೇಯ್ಗೆ, ಒಂದೊಂದು ಸೀರೆಗೂ ಗುರುತಿನ ಸಂಖ್ಯೆ ಇರುತ್ತದೆ. ಸಂಖ್ಯೆ ಇಲ್ಲದ್ದನ್ನು ಆ ಹೆಸರಲ್ಲಿ ಕೊಟ್ಟರೆ ಬೇಡ ಎನ್ನಿ. ಖಾಸಗಿ ಬಟ್ಟೆ ಅಂಗಡಿಗಳಿಗೆ ಹೋಗುವುದು ರವಿಕೆ ಕಣಕ್ಕೆ, ಧೋತಿಗೆ.

ಇನ್ನು ಮಂಡಿ ಮೊಹಲ್ಲಾ. ಉಡುಗೊರೆ ಎಂಬ ಮಾತಿಗೆ ಪೂರ್ತಿ ಸಲ್ಲುವ ವಸ್ತು ಮೈಸೂರಿನಲ್ಲಿ ಇರುವುದಾದರೆ ಅದು ಇಲ್ಲಿನ ಗಲ್ಲಿಗಳಲ್ಲಿ ತಯಾರಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಬೀಟೆಯ ಹಲಗೆಯ ಮೇಲೆ ಚಿತ್ರ ಗುರುತು ಹಾಕಿಕೊಂಡು, ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂದಲೆಳೆಯಂಥ ಗರಗಸದಲ್ಲಿ ಕತ್ತರಿಸುತ್ತಾರೆ. ಆನೆಯ ಸೊಂಡಿಲಿಗೊಂದು ಚೂರು, ಅಂಬಾರಿಯ ಗೋಪುರಕ್ಕೊಂದು, ಮಾವುತನ ಪೇಟಕ್ಕೆ ಅಕ್ಕಿಕಾಳಿನಷ್ಟು ಇನ್ನೊಂದು. ಆಮೇಲೆ ಹಲಗೆಯಲ್ಲಿ ಅದೇ ಆಕಾರದ ಕುಳಿ ತೋಡಿ, ಅಂಟು ಹಾಕಿ ಕೂರಿಸಿ, ಮಟ್ಟ ಮಾಡಿ, ಮೆರುಗು ಕೊಡುತ್ತಾರೆ. ಬಣ್ಣ ಬಳಿಯುವುದಿಲ್ಲ. ಹಳದಿ ಕಂಡರೆ ಅದು ಹಲಸಿನದೋ ಇನ್ಯಾವುದೋ ಮರದ್ದೇ ಹಳದಿ. ಅಂಬಾವಿಲಾಸ ಅರಮನೆಯ ಬಾಗಿಲುಗಳಲ್ಲಿ ಇದೇ ಕೆಲಸ ದಂತದಲ್ಲಿ ಆಗಿದೆ. ದಂತದ ವ್ಯಾಪಾರಕ್ಕೆ ಕಾನೂನು ತಡೆ ಹಾಕಿದ ಮೇಲೆ ಬಿಳಿಯ ಜಾಗಕ್ಕೆ ಬೇರೆ ಮರ, ಪ್ಲಾಸ್ಟಿಕ್ ಬಂದವು.

ಕೊಳ್ಳುವಾಗ ಕಣ್ಣು ಮುಚ್ಚಿ ಬೆರಳ ತುದಿ ಆಡಿಸಿ. ಚೂರು ಕೂತ ಕಡೆ ಏರುಪೇರು ಸಿಗಬಾರದು. ಚಿತ್ರದ ಗೆರೆ ಕುಂಚದಲ್ಲಿ ಎಳೆದದ್ದಾದರೆ ಬೆಳಕಿಗೆ ಹಿಡಿದಾಗ ತಿಳಿಯುತ್ತದೆ. ಹಲಗೆಯ ಅಂಚು ನೋಡಿ. ಒಳಗೆ ಪ್ಲೈವುಡ್ ಇಟ್ಟು ಮೇಲೆ ಬೀಟೆಯ ತೆಳು ಹಾಳೆ ಅಂಟಿಸಿದ್ದೂ ಇರುತ್ತದೆ. ಅದನ್ನು ಹಾಗೆಂದೇ ಹೇಳಿ ಕಡಿಮೆ ಬೆಲೆಗೆ ಮಾರಿದರೆ ದೋಷವೇನಿಲ್ಲ. ಇಲ್ಲಿ ದಯವಿಟ್ಟು ತರಕಾರಿಯ ಚೌಕಾಸಿ ಬೇಡ. ಒಂದು ಫಲಕಕ್ಕೆ ಎಷ್ಟು ದಿನ ಕೂತಿದ್ದಾರೆಂದು ಕೇಳಿದ ಮೇಲೆ ನಾಲಿಗೆ ತಾನೇ ಸುಮ್ಮನಾಗುತ್ತದೆ. ವಿದೇಶಕ್ಕೆ ಒಯ್ಯುವವರು ಬಿಲ್ ಮರೆಯಬಾರದು. 2017ರಿಂದ ಬೀಟೆಯ ಜಾತಿಯ ಮರಗಳ ಅಂತರರಾಷ್ಟ್ರೀಯ ವಹಿವಾಟಿಗೆ ನಿಯಂತ್ರಣವಿದೆ. 10 ಕಿಲೋವರೆಗಿನ ಸಿದ್ಧವಸ್ತುಗಳಿಗೆ ಆಮೇಲೆ ವಿನಾಯಿತಿ ಕೊಟ್ಟಿದ್ದಾರೆ. ಆದರೂ ಕಾಗದ ಕೈಯಲ್ಲಿದ್ದರೆ ವಿಮಾನ ನಿಲ್ದಾಣದಲ್ಲಿ ಮಾತು ಕಡಿಮೆ.

ಗೊಂಬೆಗೆ ನಜರ್‌ಬಾದ್. ರಾಮ್ಸನ್ಸ್ ಕಲಾ ಪ್ರತಿಷ್ಠಾನ ದಸರೆಗೆ ಮೊದಲೇ ತೆರೆಯುವ ‘ಬೊಂಬೆ ಮನೆ’ಯಲ್ಲಿ ಹಲವು ರಾಜ್ಯಗಳ ಕುಶಲಕರ್ಮಿಗಳ ಗೊಂಬೆಗಳು ಪ್ರದರ್ಶನಕ್ಕೂ ಮಾರಾಟಕ್ಕೂ ಇರುತ್ತವೆ. ಯಾವುದು ಎಲ್ಲಿಯದೆಂದು ಮರೆಮಾಚುವುದಿಲ್ಲ. ಮದುವೆಯಾಗಿ ಮೊದಲ ದಸರೆ ಕಾಣುವ ಮಗಳಿಗೆ ಕೊಡಲು ಪಟ್ಟದ ಗೊಂಬೆಯ ಜೋಡಿಗಿಂತ ಒಳ್ಳೆಯದು ಕಾಣೆ. ರಾಜ-ರಾಣಿಗೆ ಬಟ್ಟೆ ಉಡಿಸಿ ಸಿಂಗರಿಸುವ ಕೆಲಸ ಅವಳ ಪಾಲಿಗೆ. ಇದೇ ಪ್ರತಿಷ್ಠಾನ ಪಗಡೆ, ಚೌಕಾಬಾರ, ಅಳಗುಳಿಮಣೆಗಳಿಗೂ ಮರುಜೀವ ಕೊಟ್ಟಿದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟಗಳ ಹುಚ್ಚು, ತಾವೇ ಹಲವನ್ನು ರೂಪಿಸಿದ್ದರು. ಹಾಗಾಗಿ ಈ ಊರಿನ ಉಡುಗೊರೆ ಎಂದು ಅಳಗುಳಿಮಣೆ ಕೊಡುವುದು ನ್ಯಾಯವೇ. ಎದುರುಬದುರು ಏಳೇಳು ಗುಳಿ, ಕವಡೆಯೋ ಹುಣಸೆಬೀಜವೋ ಸಾಕು. ಚಿಕ್ಕ ಮಕ್ಕಳಿದ್ದರೆ ಚನ್ನಪಟ್ಟಣದ ಬುಗುರಿ, ಗಿಲಕಿ. ಹಾಲೆ ಮರಕ್ಕೆ ಅರಗಿನ ಬಣ್ಣ ಹಿಡಿಸಿದ ಅಸಲಿಯೇ ಬೇಕೆಂದು ಒತ್ತಿ ಕೇಳಿ.

ಓದುವವರಿಗೆ ಕೆ.ಆರ್. ವೃತ್ತದ ಗೀತಾ ಬುಕ್ ಹೌಸ್ ಇದೆ. ಅಂಗಡಿಯೂ ಅವರದೇ, ಪ್ರಕಾಶನವೂ ಅವರದೇ. ಬೀಜ ಹುರಿದು ಅಲ್ಲೇ ಬೀಸಿ ಕೊಡುವ ಕಾಫಿಪುಡಿ ಅಂಗಡಿಗಳು ಊರ ತುಂಬ ಇವೆ, ಚಿಕೋರಿ ಎಷ್ಟು ಎಂಬುದನ್ನು ನೀವೇ ಹೇಳಬಹುದು. ಬೆಳ್ಳಿಯ ಕುಂಕುಮ ಭರಣಿಗೆ ಅಶೋಕ ರಸ್ತೆ.

ಈ ಅಂಗಡಿಗಳ ತಲೆಯ ಮೇಲಿನ ಸೂರಿನ ಬಗ್ಗೆ ಮಾತ್ರ ಊರಿಗೆ ಸಮಾಧಾನವಿಲ್ಲ. 2012ರಲ್ಲಿ ಮಾರುಕಟ್ಟೆಗೆ ಹತ್ತಿರದ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೇ ಪುಸ್ತಕ ಹುಡುಕುವವರಿಗೆ ಸ್ವರ್ಗವಾಗಿದ್ದ ಅಲ್ಲಿನ ಮಳಿಗೆಗಳು ಮುಚ್ಚಿದವು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲು ಬಿತ್ತು. ಕೆಡವಿ ಹೊಸದಾಗಿ ಕಟ್ಟಬೇಕೋ, ಪಾರಂಪರಿಕ ಕಟ್ಟಡವೆಂದು ದುರಸ್ತಿ ಮಾಡಿ ಉಳಿಸಬೇಕೋ ಎಂಬ ವ್ಯಾಜ್ಯ ಹೈಕೋರ್ಟ್ ಮೆಟ್ಟಿಲೇರಿತು. ವಾದ ಏನೇ ಇರಲಿ, ಬಾಡಿಗೆದಾರ ವ್ಯಾಪಾರಿಯ ಬದುಕು ಕಟ್ಟಡ ಕಟ್ಟುವವರೆಗೆ ಕಾಯುವುದಿಲ್ಲ. ಒಮ್ಮೆ ಚದುರಿದ ಬಳೆಯವರು, ಎಲೆಯವರು, ಹೂವಿನವರು ಮತ್ತೆ ಅದೇ ಸಾಲಿನಲ್ಲಿ ಬಂದು ಕೂರುತ್ತಾರೆಂಬ ಖಾತರಿಯನ್ನು ಇದುವರೆಗೆ ಯಾರೂ ಅವರಿಗೆ ಮನದಟ್ಟಾಗುವಂತೆ ಕೊಟ್ಟಿಲ್ಲ. ಕೊಡಬೇಕಾದ್ದು ಪಾಲಿಕೆ.

ಹೋಗುವವರಿಗೆ ಎರಡು ಮಾತು. ಇನ್‌ಲೇ ಫಲಕ, ಗೊಂಬೆಗಳನ್ನು ನವರಾತ್ರಿಯ ವಾರಕ್ಕೆ ಮುಂಚೆಯೇ ಕೊಂಡುಬಿಡಿ. ಹೂವು, ಎಲೆ, ಹಣ್ಣಿಗೆ ಆಯುಧಪೂಜೆಯ ಹಿಂದಿನ ದಿನದ ಬೆಳಿಗ್ಗೆ ಸರಿ, ಸಂಜೆಗೆ ಸೇವಂತಿಗೆಯ ಮಾರಿನ ಬೆಲೆ ಏರಿರುತ್ತದೆ. ಬಟ್ಟೆಯ ಚೀಲ, ಚಿಲ್ಲರೆ ಎರಡೂ ಜೊತೆಗಿರಲಿ. ವಿಜಯದಶಮಿಯ ದಿನ ಇತ್ತ ಬರುವ ಯೋಚನೆಯೇ ಬೇಡ. ಜಂಬೂಸವಾರಿ ಅರಮನೆಯಿಂದ ಹೊರಟು ಕೆ.ಆರ್. ವೃತ್ತ ದಾಟಿ ಬನ್ನಿಮಂಟಪಕ್ಕೆ ಸಾಗುವುದು ಇದೇ ಸಯ್ಯಾಜಿರಾವ್ ರಸ್ತೆಯಲ್ಲಿ. ಅಂದು ಈ ಸುತ್ತಿನಲ್ಲಿ ವಾಹನ ಸಂಚಾರ ಬಂದ್.