ಒಂದು ಪ್ಲೇಟು, ನಾಲ್ಕು ಕಡ್ಡಿ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರರಲ್ಲಿ ಯಾವ ಊರಿಗೇ ಹೋಗಿ, ಸಂಜೆ ಆರರ ಮೇಲೆ ಪೇಟೆ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಕಬ್ಬಿಣದ ಬಾಣಲೆಗೆ ಸೌಟು ಬಡಿಯುವ ಸದ್ದು ಕಿವಿಗೆ ಬೀಳುತ್ತದೆ. ಗೋಬಿ ಮಂಚೂರಿಯ ಗಾಡಿ. ತುಮಕೂರು–ಶಿವಮೊಗ್ಗ ಹೆದ್ದಾರಿಯ ಪಕ್ಕದ ‘ಫ್ಯಾಮಿಲಿ ರೆಸ್ಟೋರೆಂಟು’ಗಳಲ್ಲಿ ಇದೇ ತಿಂಡಿಗೆ ಕುರ್ಚಿ ಮೇಜು, ಬಣ್ಣದ ದೀಪ, ಮೆನು ಕಾರ್ಡು ಸೇರುತ್ತವೆ. ಮಗುವಿನ ಹುಟ್ಟುಹಬ್ಬ, ಪರೀಕ್ಷೆ ಪಾಸಾದ ಖುಷಿ, ಪಂಚಾಯತಿ ಚುನಾವಣೆ ಗೆದ್ದವರು ಕೊಡುವ ‘ಪಾರ್ಟಿ’, ಎಲ್ಲಕ್ಕೂ ಮೊದಲು ಬರುವುದು ಗೋಬಿ. ಆಮೇಲೆ ನೂಡಲ್ಸು, ಶೆಜ್ವಾನ್ ಫ್ರೈಡ್ ರೈಸು, ಈಚೆಗೆ ಮೋಮೋ. ತರಕಾರಿ ಅಂಗಡಿಯಲ್ಲಿ ‘ಹೂಕೋಸು’ ಎಂದು ಕರೆಯುವವರೇ ಗಾಡಿಯ ಮುಂದೆ ನಿಂತರೆ ‘ಗೋಬಿ’ ಎನ್ನುತ್ತಾರೆ. ಎಣ್ಣೆಗೆ ಬಿದ್ದ ಮೇಲೆ ಅದರ ಭಾಷೆಯೂ ಬದಲಾಗುತ್ತದೆಯೋ ಏನೋ!

ಹೆಸರಿನಲ್ಲಿ ಚೀನಾದ ಈಶಾನ್ಯ ಮೂಲೆಯ ಮಂಚೂರಿಯಾ ಇದ್ದರೂ ಅಲ್ಲಿಯವರಿಗೆ ಈ ತಿಂಡಿ ಗೊತ್ತಿಲ್ಲ. ಇದು ಹುಟ್ಟಿದ್ದು ಮುಂಬಯಿಯಲ್ಲಿ. ಕೋಲ್ಕತ್ತದಲ್ಲಿ ಹುಟ್ಟಿ ಬೆಳೆದ ಚೀನೀ ಮೂಲದ ಅಡುಗೆಗಾರ ನೆಲ್ಸನ್ ವಾಂಗ್ 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿದ್ದಾಗ, ಊಟಕ್ಕೆ ಬಂದವರು ಹೊಸದೇನಾದರೂ ಮಾಡಿಕೊಡು ಎಂದರಂತೆ. ನಮ್ಮ ಪಲ್ಯ ಸಾರುಗಳಿಗೆ ಹಾಕುವ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯನ್ನೇ ಹೆಚ್ಚಿ ಹುರಿದು, ಗರಂ ಮಸಾಲೆ ಹಾಕುವ ಹಂತದಲ್ಲಿ ಸೋಯಾ ಸಾಸ್ ಸುರಿದು, ಕಾರ್ನ್ ಫ್ಲೋರಿನಿಂದ ಮಂದ ಮಾಡಿ, ಕರಿದ ಕೋಳಿ ತುಂಡುಗಳನ್ನು ಅದರಲ್ಲಿ ಹೊರಳಿಸಿದೆ ಎಂಬುದು ಅವರೇ ಹೇಳಿಕೊಂಡ ಕಥೆ. ಸಸ್ಯಾಹಾರಿಗಳಿಗಾಗಿ ಕೋಳಿಯ ಜಾಗಕ್ಕೆ ಹೂಕೋಸು ಬಂದಿತು. ಹೂಕೋಸೂ ನಮ್ಮದಲ್ಲ, ಮೆಡಿಟರೇನಿಯನ್ ತೀರದ ಬೆಳೆ. ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದದ್ದು.

ಕೋಲ್ಕತ್ತದ ಚೀನೀಯರ ಕಥೆ ಇದಕ್ಕಿಂತ ಹಳೆಯದು. 18ನೇ ಶತಮಾನದ ಕೊನೆಯಲ್ಲಿ ಟಾಂಗ್ ಅಚ್ಯೂ ಎಂಬ ವ್ಯಾಪಾರಿ ಹೂಗ್ಲಿ ನದಿಯ ದಂಡೆಯಲ್ಲಿ ಭೂಮಿ ಪಡೆದು ಸಕ್ಕರೆ ತಯಾರಿಕೆ ಆರಂಭಿಸಿದ. ಆ ಜಾಗಕ್ಕೆ ಇಂದಿಗೂ ಅವನದೇ ಹೆಸರು, ಅಚಿಪುರ. ಅವನ ನಂತರ ಬಂದವರಲ್ಲಿ ಹಕ್ಕಾ ಜನರು ಚರ್ಮ ಹದ ಮಾಡುವ ಕೆಲಸ ಹಿಡಿದು ಟಾಂಗ್ರಾ ಎಂಬಲ್ಲಿ ನೆಲೆಸಿದರು. ಆ ಕಸುಬು ಅವರ ಕೈಗೆ ಸಿಕ್ಕಿದ್ದಕ್ಕೆ ಒಂದು ಕಾರಣ ನಮ್ಮ ಜಾತಿ ವ್ಯವಸ್ಥೆ. ಮೇಲುಜಾತಿಯವರು ಚರ್ಮ ಮುಟ್ಟುತ್ತಿರಲಿಲ್ಲ. ಹೊರಗಿನವರಿಗೆ ಆ ದಾರಿ ತೆರೆದೇ ಇತ್ತು. 1962ರ ಯುದ್ಧದ ಕಾಲದಲ್ಲಿ ಇಲ್ಲಿಯೇ ಹುಟ್ಟಿದವರೂ ಸೇರಿ ಸಾವಿರಾರು ಚೀನೀಯರನ್ನು ಹಿಡಿದು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಇಟ್ಟರು. ಬಿಡುಗಡೆಯಾದ ಮೇಲೆ ಎಷ್ಟೋ ಮಂದಿ ದೇಶ ಬಿಟ್ಟರು. 1990ರ ದಶಕದಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಚರ್ಮದ ಕಾರ್ಖಾನೆಗಳು ಊರಾಚೆ ಹೋಗಬೇಕಾದಾಗ ಟಾಂಗ್ರಾದ ಹಲವು ಕಟ್ಟಡಗಳು ಹೋಟೆಲುಗಳಾದವು. ನಮ್ಮ ಗಾಡಿಗಳ ಫಲಕದ ‘ಹಕ್ಕಾ ನೂಡಲ್ಸ್’ನಲ್ಲಿರುವ ಹಕ್ಕಾ ಇವರೇ.

ಇಷ್ಟು ದೂರದಿಂದ ಬಂದದ್ದು ಕಡೂರಿನ ಮೇಜಿನ ಮೇಲೆ ಮಾಡಿದ ಕೆಲಸ ಏನು? ನನಗೆ ಕುತೂಹಲ ಇರುವುದು ರುಚಿಗಿಂತ ಇದರಲ್ಲಿ.

ನಮ್ಮಲ್ಲಿ ಸಾಮೂಹಿಕ ಊಟಕ್ಕೆ ಕೊರತೆ ಇರಲಿಲ್ಲ. ಮದುವೆ, ಗೃಹಪ್ರವೇಶ, ತಿಥಿ, ಜಾತ್ರೆಯ ದಾಸೋಹ ಎಲ್ಲಕ್ಕೂ ಪಂಕ್ತಿ ಉಂಟು. ಎಲೆ ಹಾಕಿ, ನೀರು ಚಿಮುಕಿಸಿ, ತುದಿಯಲ್ಲಿ ಉಪ್ಪಿನಿಂದ ಶುರುಮಾಡಿ ಬಡಿಸುತ್ತಾ ಬರುತ್ತಾರೆ. ಎಲ್ಲರಿಗೂ ಬಡಿಸುವ ತನಕ ತುತ್ತು ಎತ್ತುವಂತಿಲ್ಲ, ಪಕ್ಕದವರದು ಮುಗಿಯುವ ತನಕ ಏಳುವಂತಿಲ್ಲ. ಆದರೆ ಗಮನಿಸಿ: ಪಂಕ್ತಿಯಲ್ಲಿ ಜೊತೆಯಾಗಿ ಉಣ್ಣುತ್ತೇವೆ, ಹಂಚಿಕೊಂಡು ಉಣ್ಣುವುದಿಲ್ಲ. ನನ್ನ ಎಲೆ ನನಗೆ, ನಿಮ್ಮ ಎಲೆ ನಿಮಗೆ. ಬಡಿಸುವ ಸೌಟು ಎಲೆಗೆ ತಾಗದಂತೆ ಮೇಲಿನಿಂದ ಸುರಿಯುತ್ತದೆ. ತಾಗಿದರೆ ಪಾತ್ರೆಯಷ್ಟೂ ಎಂಜಲು.

ಈ ‘ಎಂಜಲು’ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಸರಿಯಾದ ಪದ ಸಿಗುವುದು ಕಷ್ಟ. ಅದು ಬರೀ ಉಗುಳಿನ ಮಾತಲ್ಲ. ಯಾರ ಎಂಜಲು ಎಂಬುದು ಮುಖ್ಯ. ಮಗು ಬಿಟ್ಟದ್ದನ್ನು ತಾಯಿ ತಿನ್ನುತ್ತಾಳೆ. ಗಂಡನ ಎಲೆಯಲ್ಲಿ ಹೆಂಡತಿ ಉಣ್ಣುವ ಪದ್ಧತಿ ಇತ್ತು, ಹೆಂಡತಿಯ ಎಲೆಯಲ್ಲಿ ಗಂಡ ಉಂಡದ್ದನ್ನು ಮಾತ್ರ ಯಾರೂ ಪದ್ಧತಿ ಎನ್ನಲಿಲ್ಲ. ಮುಸಲ್ಮಾನರ ಕೆಲವು ಸಮುದಾಯಗಳಲ್ಲಿ ದೊಡ್ಡ ತಟ್ಟೆಯೊಂದರ ಸುತ್ತ ಕುಳಿತು ಉಣ್ಣುವ ರೂಢಿಯುಂಟು, ಅಲ್ಲಿ ಈ ಲೆಕ್ಕವೇ ಬೇರೆ. ಆದರೆ ಊರಿನ ಉಳಿದವರಿಗೆ ಎಂಜಲೆಂದರೆ ಜಾತಿಯ ಗಡಿರೇಖೆಯೂ ಹೌದು. ಬ್ರಿಟಿಷರ ಕಾಲದ ರೈಲು ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಎಂದು ಬೇರೆ ಬೇರೆ ಕೊಡುತ್ತಿದ್ದರು. ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಜಾಗ, ದಲಿತರಿಗೆ ಹೊರಗೆ ನಿಂತು ಕುಡಿಯಲು ಬೇರೆ ಲೋಟ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಹೋಟೆಲು ಮತ್ತು ಅಂಗಡಿಗಳ ಬಾಗಿಲನ್ನು ಹೆಸರಿಸಿಯೇ ತೆರೆಯಿತು. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾಯ್ದೆ ಬಂದಿತು. ಆದರೂ ಲೋಟ ಬೇರೆ ಇಟ್ಟ ವರ್ತಮಾನಗಳು ಪತ್ರಿಕೆಗಳಿಗೆ ಈಗಲೂ ಬರುತ್ತಲೇ ಇವೆ.

ಗೋಬಿಯ ಪ್ಲೇಟು ಈ ಹಿನ್ನೆಲೆಯಲ್ಲಿ ಬಂದದ್ದು. ಒಂದು ಪ್ಲೇಟು ಹೇಳಿ, ನಾಲ್ಕು ಹಲ್ಲುಕಡ್ಡಿ ಕೇಳುತ್ತಾರೆ. ನಾಲ್ವರು ಸುತ್ತ ನಿಂತು ಅದೇ ಪ್ಲೇಟಿನಿಂದ ಚುಚ್ಚಿ ತಿನ್ನುತ್ತಾರೆ. ಕೈ ತಾಗುವುದಿಲ್ಲ, ಕಡ್ಡಿ ಮಾತ್ರ ತಾಗುತ್ತದೆ. ಹಾಗಾಗಿ ಎಂಜಲಿನ ಪ್ರಶ್ನೆ ಏಳುವುದೇ ಇಲ್ಲ. ನಿಜ ಹೇಳಬೇಕೆಂದರೆ ಅದೇ ಕಡ್ಡಿ ಬಾಯಿಗೆ ಹೋಗಿ ಮತ್ತೆ ಪ್ಲೇಟಿಗೆ ಬರುತ್ತದೆ, ಆದ್ದರಿಂದ ಅದು ಅಪ್ಪಟ ಎಂಜಲೇ. ಯಾರೂ ಆ ಲೆಕ್ಕ ತೆಗೆಯುವುದಿಲ್ಲ, ಅಷ್ಟೇ. ಲಿಂಗಾಯತರ ಹುಡುಗ, ಗೌಡರ ಹುಡುಗ, ಸಾಬರ ಹುಡುಗ, ದಲಿತರ ಹುಡುಗ ಒಟ್ಟಿಗೆ ಕಾಲೇಜಿನಿಂದ ಬಂದರೆ ಎಲ್ಲರೂ ತಿನ್ನಬಹುದಾದ ಖಾರದ ತಿಂಡಿ ಇದು. ಮಾಂಸದ ಮಸಾಲೆಯ ಗತ್ತು ಇದೆ, ಮಾಂಸ ಇಲ್ಲ. ಮುಂದೆ ಎಗ್ ರೈಸು ಬಂದಾಗ ಮೇಜು ಇಬ್ಭಾಗವಾಗಬಹುದು. ಅದೇ ಹುಡುಗರ ಮನೆಯ ಮದುವೆಯಲ್ಲಿ ಪಂಕ್ತಿ ಬೇರೆಯಾಗುವುದೂ ಉಂಟು. ಇದನ್ನು ಕ್ರಾಂತಿ ಎಂದು ಕರೆಯುವ ಉತ್ಸಾಹ ನನಗಿಲ್ಲ. ಆದರೂ ಉಡುಪಿ ಹೋಟೆಲು ಒಂದೇ ಕೋಣೆಯಲ್ಲಿ ಕೂರಿಸಿತು, ಗೋಬಿ ಗಾಡಿ ಒಂದೇ ಪ್ಲೇಟಿಗೆ ತಂದಿತು ಎನ್ನಬಹುದು.

ಒಂದೇ ಪಾತ್ರೆಯಿಂದ ತಿನ್ನುವುದು ಚೀನೀಯರ ಹಳೆಯ ರೂಢಿ. ಪದಾರ್ಥಗಳೆಲ್ಲ ಮೇಜಿನ ನಡುವೆ, ತಿನ್ನುವವರ ಕಡ್ಡಿಗಳು ಸುತ್ತಲಿನಿಂದ. ಅಲ್ಲಿಯೂ ಇದಕ್ಕೆ ಆಕ್ಷೇಪ ಎದ್ದಿತು, ಜಾತಿಯ ಕಾರಣಕ್ಕಲ್ಲ, ರೋಗದ ಕಾರಣಕ್ಕೆ. ಕಾಕತಾಳೀಯವೆಂದರೆ ಅದನ್ನು ಎತ್ತಿದವರು ಮಂಚೂರಿಯಾದಲ್ಲಿ ಹೆಸರು ಮಾಡಿದ ವೈದ್ಯ. ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ಡಾ. ವೂ ಲಿಯೆನ್-ತೆ ಅವರನ್ನು 1910ರ ಡಿಸೆಂಬರಿನಲ್ಲಿ ಪ್ಲೇಗು ತಡೆಯಲು ಹಾರ್ಬಿನ್ ನಗರಕ್ಕೆ ಕಳುಹಿಸಲಾಯಿತು. ಸುಮಾರು 60,000 ಜನರನ್ನು ಬಲಿ ತೆಗೆದುಕೊಂಡ ಆ ಪಿಡುಗು ಉಸಿರಿನಿಂದ ಹರಡುತ್ತದೆಂದು ಗುರುತಿಸಿ, ಬಟ್ಟೆಯ ಮುಖಗವಸು ತೊಡಿಸಿ, ಹೆಣಗಳನ್ನು ಸುಡಿಸಿ ಅವರು ಅದನ್ನು ನಿಲ್ಲಿಸಿದರು. ಕೆಲವು ವರ್ಷಗಳ ನಂತರ, 1915ರಲ್ಲಿ, ಸಾಮೂಹಿಕ ಊಟದಿಂದ ಕ್ಷಯ ಹರಡುವುದನ್ನು ತಡೆಯಲು ಅವರು ಒಂದು ಸಾಧನ ಸೂಚಿಸಿದರು: ಮೇಜಿನ ನಡುವೆ ತಿರುಗುವ ದುಂಡು ಹಲಗೆ, ಪ್ರತಿ ಪದಾರ್ಥಕ್ಕೂ ಬಡಿಸಿಕೊಳ್ಳಲು ಪ್ರತ್ಯೇಕ ಚಮಚ. ದೊಡ್ಡ ಚೀನೀ ಹೋಟೆಲುಗಳಲ್ಲಿ ಹತ್ತು ಜನರ ದುಂಡು ಮೇಜಿನ ಮೇಲೆ ಈಗ ತಿರುಗುವುದು ಅದೇ ಬಗೆಯ ಹಲಗೆ. ನಮ್ಮ ಹೆದ್ದಾರಿ ಹೋಟೆಲುಗಳಲ್ಲಿ ಹಲಗೆ ಇಲ್ಲದಿದ್ದರೂ ಸಪ್ಲೈಯರು ಪ್ರತಿ ಬಟ್ಟಲಿಗೂ ಒಂದು ಚಮಚ ಇಟ್ಟು ಹೋಗುತ್ತಾನೆ.

ಇನ್ನು ಬಾಣಲೆಯೊಳಗಿನ ಮಾತು. ಕಾರ್ನ್ ಫ್ಲೋರ್ ಎಂದರೆ ಮೆಕ್ಕೆಜೋಳದ ಪಿಷ್ಟ. ಬಿಸಿ ನೀರಿನಲ್ಲಿ ಅದರ ಕಣಗಳು ಉಬ್ಬಿ ಅಂಟಾಗುವುದರಿಂದಲೇ ಸಾಸು ಮಂದವಾಗಿ ಹೊಳೆಯುತ್ತದೆ. ಮೆಕ್ಕೆಜೋಳ, ಈರುಳ್ಳಿ ಎರಡೂ ಅಜ್ಜಂಪುರ ಶಿವನಿ ಕಡೆಯ ಹೊಲಗಳಲ್ಲಿ ಬೆಳೆಯುವಂಥವು. ‘ಟೇಸ್ಟಿಂಗ್ ಪೌಡರ್’ ಎನ್ನುವುದು ಜಪಾನಿನ ರಸಾಯನಶಾಸ್ತ್ರಜ್ಞ ಇಕೆಡಾ 1908ರಲ್ಲಿ ಸಮುದ್ರದ ಪಾಚಿಯಿಂದ ಬೇರ್ಪಡಿಸಿದ ರುಚಿ. ಅದರ ಮೂಲವಸ್ತು ಟೊಮೆಟೊದಲ್ಲೂ ಇದೆ. ಅದಕ್ಕೆ ಬಿದ್ದಿರುವ ಕೆಟ್ಟ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ನಿಜವಾಗಿ ಹೆದರಬೇಕಾದದ್ದು ಬಣ್ಣಕ್ಕೆ. 2024ರ ಆರಂಭದಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಬಟ್ಟೆಗೆ ಹಾಕುವ ರೋಡಮೈನ್-ಬಿ ಕೂಡ ಹೀಗೆ ಪತ್ತೆಯಾದ ಬಣ್ಣಗಳಲ್ಲೊಂದು. ಆ ಮಾರ್ಚಿ 11ರಂದು ಸರ್ಕಾರ ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ನಿಷೇಧ ಬಣ್ಣಕ್ಕೆ, ಗೋಬಿಗಲ್ಲ. ಆದರೆ ಸುದ್ದಿ ಹರಡಿದ್ದು ಗೋಬಿಯೇ ನಿಷೇಧವಾಯಿತೆಂದು.

ಬಣ್ಣವೇ ಬೇಕೆನ್ನುವವರಿಗೆ ಬ್ಯಾಡಗಿ ಮೆಣಸಿನಕಾಯಿ ಇದೆ. ಖಾರ ಕಡಿಮೆ, ಕೆಂಪು ಹೆಚ್ಚು. ಬೆಲೆ ಮಾತ್ರ ಪುಡಿ ಬಣ್ಣಕ್ಕಿಂತ ಬಹಳ ಜಾಸ್ತಿ. ಬಣ್ಣ ಹಾಕದ ಗೋಬಿ ಕಂದು ಬಣ್ಣಕ್ಕಿರುತ್ತದೆ, ಪಕೋಡದ ಹಾಗೆ. ಪ್ಲೇಟಿನಲ್ಲಿ ರಕ್ತಗೆಂಪು ಕಂಡರೆ ಕಡ್ಡಿ ಹಾಕುವ ಮೊದಲು ಗಾಡಿಯವರನ್ನು ಕೇಳಬಹುದು.